ಒಡೆಯಿತು, ಒಡೆದೆ

“ಗುರುಗಳೇ, ಇಂಗ್ಲಿಷ್ ವ್ಯಾಕರಣದ ಟ್ರಾನ್ಸಿಟಿವ್, ಇನ್‌ಟ್ರಾನ್ಸಿಟಿವ್ ಕ್ರಿಯಾಪದಗಳಿಗೆ ಏನು ವ್ಯತ್ಯಾಸ? ಪುಸ್ತಕ ಮುಚ್ಚಿದೊಡನೆ ಎರಡೂ ಕಲಸಿಹೋಗುತ್ತವೆ” ಎಂದು ಶಿಷ್ಯ ಕೇಳಿದ.

“ನಿನ್ನ ಜೊತೆಯ ಮರುಳಯ್ಯನಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಅವನನ್ನು ಕೇಳಬಾರದಿತ್ತೇ?”

“ಅವನಿಗೂ ನನಗೂ ಮಾತು ನಿಂತುಹೋಗಿದೆ, ಗುರುಗಳೇ.”

“ಓಹೋ” ಎಂದರು ಗುರುಗಳು. “ಮಡಕೆ ಒಡೆಯಿತು ಎಂದರೆ ಇನ್‌ಟ್ರಾನ್ಸಿಟಿವ್. ಮಡಕೆಯನ್ನು ಒಡೆದೆ ಎಂದರೆ ಟ್ರಾನ್ಸಿಟಿವ್. ಪರೀಕ್ಷೆಗೆ ಇಷ್ಟು ಸಾಕು. ಅದರಾಚೆಗೂ ಬೇಕಿದ್ದರೆ ಒಂದು ಕತೆ ಕೇಳು.”

ಒಬ್ಬ ಕುಂಬಾರನಿದ್ದ. ಅವನಿಗೊಬ್ಬ ತಮ್ಮ. ಇಬ್ಬರಿಗೂ ಅಡುಗೆಯ ಒಲೆ ಒಂದೇ, ಮಡಕೆ ಸುಡುವ ಆವಿಗೆಯೂ ಒಂದೇ. ಒಮ್ಮೆ ಆವಿಗೆಗೆ ಬೆಂಕಿ ಹೆಚ್ಚಾಯಿತೆಂದು ತಮ್ಮ ಹೇಳಿದ. ‘ನನಗೇ ಕಲಿಸುತ್ತೀಯಾ’ ಎಂದು ಅಣ್ಣ ಸಿಡುಕಿದ. ಅದೇ ಸಿಟ್ಟಿನಲ್ಲಿ ಅಂಗಳದ ನಡುವೆ ಗೋಡೆ ಎಬ್ಬಿಸಿದ. ಯಾರು ಕೇಳಿದರೂ ‘ಏನು ಮಾಡುವುದು, ಮನೆ ಒಡೆಯಿತು’ ಎನ್ನುತ್ತಿದ್ದ. ತಮ್ಮನಿಲ್ಲದೆ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಆದರೂ ಹೋಗಿ ಕರೆಯಲು ನಾಲಗೆ ಏಳಲಿಲ್ಲ.

ಒಂದು ದಿನ ನೆರೆಮನೆಯ ಹೆಂಗಸು ಒಡಕು ಮಡಕೆ ಹಿಡಿದು ಬಂದಳು. “ನಿನ್ನೆ ತಾನೇ ತಗೊಂಡು ಹೋಗಿದ್ದು. ಒಡೆದುಹೋಯ್ತು, ಬೇರೆ ಕೊಡು.”

ಕುಂಬಾರ ನಕ್ಕ. “ನಾನು ಮಾಡಿದ ಮಡಕೆ ತಾನಾಗಿ ಒಡೆಯಲ್ಲ ಅಕ್ಕ. ಒಡೆದವರು ಯಾರು, ಅದನ್ನ ಹೇಳು.”

“ನಾನೇ ಕಣಪ್ಪ, ಕೈಜಾರಿ ಬೀಳಿಸಿದೆ” ಎಂದಳು. ಆಮೇಲೆ ಗೋಡೆಯ ಕಡೆ ನೋಡಿದಳು. “ಮಡಕೆ ಒಡೆಯೋಕೆ ಒಬ್ಬರು ಬೇಕು. ನಿನ್ನ ಮನೆ ಮಾತ್ರ ತಾನಾಗೇ ಒಡೀತು, ಅಲ್ವಾ?”

ಕುಂಬಾರನ ಮುಖ ಸಣ್ಣದಾಯಿತು. ಅವಳಿಗೆ ಬೇರೆ ಮಡಕೆ ಕೊಟ್ಟು ಕಳಿಸಿದ. ಮಣ್ಣು ಮೆತ್ತಿದ ಕೈಯಲ್ಲೇ ತಮ್ಮನ ಬಾಗಿಲಿಗೆ ಹೋದ.

“ಮನೆ ಒಡೀಲಿಲ್ಲ ಕಣೋ. ನಾನು ಒಡೆದೆ.”

ತಮ್ಮ ಒಳಗೆ ಹೋದ. ಹಾರೆ ಹಿಡಿದು ಬಂದ. ಅಣ್ಣ ಹೆದರಿ ಹಿಂದೆ ಸರಿದ. ತಮ್ಮ ನೇರವಾಗಿ ಗೋಡೆಯ ಕಡೆ ನಡೆದ. ಮುಸ್ಸಂಜೆಯ ಹೊತ್ತಿಗೆ ಇಬ್ಬರೂ ಸೇರಿ ಅದನ್ನು ಕೆಡವಿದ್ದರು.

“ತಿಳಿಯಿತು ಗುರುಗಳೇ, ಇನ್ನು ಮರೆಯುವುದಿಲ್ಲ” ಎಂದು ಶಿಷ್ಯ ಸಂತೋಷದಿಂದ ಪುಸ್ತಕ ಎತ್ತಿಕೊಂಡ.

“ಹಾಗಾದರೆ ಹೇಳು” ಎಂದರು ಗುರುಗಳು, “ಮರುಳಯ್ಯನ ಜೊತೆ ಮಾತು ನಿಂತಿತೋ, ನೀನು ನಿಲ್ಲಿಸಿದೆಯೋ?”