ಗಂಡನ ಜಾಮೀನು

ಲಿಂಗಸುಗೂರಿನಿಂದ ಮಂಗಳೂರಿಗೆ ದುಡಿಯಲು ಬಂದ ಸಾವಂತ್ರವ್ವ ಜೋಳದ ರೊಟ್ಟಿ ಬಡಿದು ಬಡಿದೇ ಹತ್ತಾರು ಹೆಂಗಸರಿಗೆ ಕೆಲಸ ಕೊಟ್ಟಿದ್ದಳು. ಭಾನುವಾರ ಅವರನ್ನೇ ಕೂರಿಸಿಕೊಂಡು, ದುಡಿದವಳ ದುಡ್ಡು ದುಡಿದವಳ ಖಾತೆಗೇ ಹೋಗಬೇಕು ಎಂದು ಪಾಠ ಹೇಳುತ್ತಿದ್ದಳು. ಹಿಟ್ಟಿನ ಗಿರಣಿ ಹಾಕಲು ಸಾಲ ಕೇಳಿದಾಗ ಬ್ಯಾಂಕಿನ ಮ್ಯಾನೇಜರ್ ಹೆಬ್ಬಾರರಿಗೆ ಅವಳ ವ್ಯವಹಾರವೆಲ್ಲ ಮೆಚ್ಚುಗೆಯಾಯಿತು. ಒಂದೇ ಒಂದು ಕೊರತೆ, ಅವಳು ಹೆಂಗಸು.

"ನಿಮ್ಮ ಗಂಡನ ಜಾಮೀನು ಬೇಕಮ್ಮ. ಗಂಡಸರ ಸಹಿ ಇದ್ದರೆ ಬ್ಯಾಂಕಿಗೂ ಒಂದು ಧೈರ್ಯ," ಎಂದರು. ಅವರ ಬೆನ್ನ ಹಿಂದೆ ಮಹಿಳಾ ಸಬಲೀಕರಣದ ಪೋಸ್ಟರು ನಗುತ್ತಿತ್ತು.

ಸಾವಂತ್ರವ್ವ ವಾದ ಮಾಡಲಿಲ್ಲ. ಮರುದಿನ ಗಂಡ ಅಮರಪ್ಪನ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಡಿಸಿ ಕರೆತಂದಳು. ಹೆಬ್ಬಾರರು ಎದ್ದು ನಿಂತು ಅವನಿಗೆ ಕುರ್ಚಿ ತೋರಿಸಿದರು. ಇಷ್ಟು ದಿನ ಆ ಕುರ್ಚಿ ಅವಳಿಗೆ ಸಿಕ್ಕಿರಲಿಲ್ಲ.

"ಎಲ್ಲಿ ಕೆಲಸ ನಿಮಗೆ?"

"ರೊಟ್ಟಿ ಕಂಪನ್ಯಾಗ್ರಿ. ಗಾಡಿ ಮ್ಯಾಲೆ ಮನಿಮನಿಗೆ ರೊಟ್ಟಿ ಮುಟ್ಟಿಸ್ತೀನ್ರಿ."

"ಒಳ್ಳೆಯದು. ಮಾಲೀಕರಿಂದ ಸಂಬಳದ ಪತ್ರ ಬೇಕಲ್ಲ?"

ಸಾವಂತ್ರವ್ವ ಚೀಲದಿಂದ ಪತ್ರ ತೆಗೆದಿಟ್ಟಳು. ಅಮರಪ್ಪ ನಂಬಿಕಸ್ಥ ನೌಕರ ಎಂದು ಬರೆದಿತ್ತು. ಕೆಳಗೆ ಮಾಲಕಿಯ ಸಹಿ: ಸಾವಂತ್ರವ್ವ.

ಹೆಬ್ಬಾರರು ಪತ್ರ ನೋಡಿದರು, ಅವಳನ್ನು ನೋಡಿದರು. "ಅಂದರೆ ನಿಮ್ಮ ಜಾಮೀನುದಾರರಿಗೆ ನೀವೇ ಜಾಮೀನಾ ಮಾರಾಯ್ರೆ?"

"ಹೌದ್ರಿ. ನಿಮಗ ಗಂಡಸಿನ ಸಹಿ ಬೇಕಿತ್ತು, ಆ ಗಂಡಸಿಗೆ ನನ್ನ ಸಹಿ ಬೇಕಾತು."

ಕೇಳಿದ ಕಾಗದವೆಲ್ಲ ಬಂದಿತ್ತು. ನಿಯಮ ಬಿಡುವವರಲ್ಲ ಹೆಬ್ಬಾರರು. ಬೆವರು ಒರೆಸಿಕೊಂಡು ಸಾಲ ಮಂಜೂರು ಮಾಡಿದರು.

ಸಾವಂತ್ರವ್ವ ಹೊರಡುವ ಮುಂಚೆ ಮೆಲ್ಲಗೆ ಕೇಳಿದಳು, "ಸಾಹೇಬ್ರ, ಮಧ್ಯಾಹ್ನದ ರೊಟ್ಟಿ ಮುಟ್ಟಿಸೋದೈತಿ. ಇವರನ್ನ ಕರ್ಕೊಂಡು ಹೋಗ್ಲೇನ್ರಿ, ಇಲ್ಲಾ ಸಾಲಕ್ಕ ಇಲ್ಲೇ ಒತ್ತೆ ಇಟ್ಟು ಹೋಗ್ಲೇನ್ರಿ?"