ತೂಗುಮಂಚದ ಪಾಲು

ವಿಚ್ಛೇದನ ಬೇಕೆಂದು ಅರ್ಜಿ ಹಾಕಿದವಳು ನೀಲವ್ವ. ಕೊಡೋದಿಲ್ಲವೆಂದು ಹಟ ಹಿಡಿದವನು ಗಂಡ ಚನ್ನವೀರಪ್ಪ ಸಾಹುಕಾರ. ಕೊನೆಗೆ ಕೋರ್ಟು ವಿಚ್ಛೇದನ ಕೊಟ್ಟಿತು. ಅವಳು ತವರಿನಿಂದ ತಂದಿದ್ದ ತೂಗುಮಂಚ ಅವಳಿಗೇ ಸೇರಬೇಕೆಂದೂ ಹೇಳಿತು. ಅದನ್ನು ಒಯ್ಯಲು ಕೋರ್ಟಿನ ಅಮೀನ ಹಮಾಲರನ್ನು ಕರೆದುಕೊಂಡು ಬಂದ.

ಸಾಹುಕಾರ ಪಡಸಾಲೆಯ ಗೋಡೆಗೊರಗಿ ಕೂತಿದ್ದ. "ಮುಟ್ಟಬ್ಯಾಡ್ರಿ! ಸತ್ತ ನಮ್ಮವ್ವ ಅದರ ಮ್ಯಾಲ ಕುಂತಾಳ."

ಗಾಳಿಯಿರಲಿಲ್ಲ. ಆದರೂ ಖಾಲಿ ಮಂಚ ಕಿರ್ರೆಂದು ತೂಗಿತು. ಹಮಾಲರು ಅಂಗಳಕ್ಕೆ ಓಡಿದರು. ಮಂಚದಿಂದ ಸಾಹುಕಾರನ ಕಾಲ್ಬೆರಳಿಗೆ ಕಟ್ಟಿದ್ದ ಕರಿದಾರ ಅಮೀನನ ಕಣ್ಣಿಗೆ ಬಿತ್ತು. ಅವನು ಅದರ ಮಾತೆತ್ತದೆ ಮಂಚಕ್ಕೆ ಕೈಮುಗಿದ.

"ಅವ್ವಾರು ಇನ್ನೂ ಇಲ್ಲೇ ಅದಾರಂದ್ರ ಚಲೋ ಆತ್ರಿ. ಈ ಮನಿ ಅವರ ಹೆಸರಿಲೆ ಇತ್ತು. ತೀರಿಕೊಂಡ್ರಂತ ಹೇಳಿ ನೀವು ನಿಮ್ಮ ಹೆಸರಿಗೆ ಮಾಡಿಸಿಕೊಂಡ್ರಿ. ಹೋಗೇ ಇಲ್ಲಂದ ಮ್ಯಾಲ ಮನಿ ಅವರದ ಅಲ್ರಿ? ಜಡ್ಜ್ ಸಾಹೇಬ್ರಿಗೆ ಹಂಗ ಹೇಳ್ತೀನಿ."

ಸಾಹುಕಾರ ಬೆವತುಹೋದ. "ಅವ್ವ ಎಲ್ಲಿಂದ ಬರ್ತಾಳ್ರೀ? ಮಣ್ಣು ಕೊಟ್ಟು ಬಂದೀವಿ! ಈ ಮನ್ಯಾಗ ಆಕೀದು ಏನೂ ಇಲ್ಲ!"

ದಾರ ಸಡಿಲಾಯಿತು, ಮಂಚ ನಿಂತಿತು. ಹಮಾಲರು ಸರಪಳಿ ಕಳಚಿ ಅದನ್ನು ಗಾಡಿಗೇರಿಸಿದರು.

ಹೊರಡುವಷ್ಟರಲ್ಲಿ ಪಡಸಾಲೆಯಿಂದ ಮತ್ತೆ ಅದೇ ಸಪ್ಪಳ. ಕಿರ್ರ್, ಕಿರ್ರ್. ತೊಲೆಯಲ್ಲಿ ಉಳಿದಿದ್ದು ಬರೀ ಕೊಂಡಿಗಳು. ಸಾಹುಕಾರ ಹೊಸ್ತಿಲಿಗೆ ಓಡಿಬಂದ.

"ಅಮೀನ್ರೀ, ನಿಲ್ರೀ! ಒಳಗ ಏನೋ ತೂಗಾಕತ್ತೈತಿ!"

ಅಮೀನನ ಮೈಯೂ ಜುಮ್ಮೆಂದಿತ್ತು. ಆದರೂ ಹಿಂದೆ ತಿರುಗದೆ ಹೇಳಿದ: "ಕೋರ್ಟು ನೀಲವ್ವಾರಿಗೆ ಕೊಟ್ಟದ್ದು ಮಂಚ ಅಷ್ಟ ರೀ. ಸಪ್ಪಳ ನಿಮ್ಮ ಪಾಲಿಗೆ ಬಂದೈತಿ."