ಉಗ್ರಾಣದ ಎಲೆ

“ಗಾಯ ಆದದ್ದು ಹೃದಯಕ್ಕೆ. ಅದಕ್ಕೆ ಹೊಟ್ಟೆಯ ಕೊಬ್ಬನ್ನು ಏಕೆ ವಿಚಾರಿಸಬೇಕು, ಮೇಡಂ?” ಎಂದು ಫರ್ಹಾನಾ ಕೇಳಿದಳು.

ಅವಳು ಪ್ರಯೋಗಾಲಯದ ಕಿರಿಯ ವೈದ್ಯೆ. ಅವಳ ಕೈಯ ಟ್ರೇಯಲ್ಲಿ ಹೃದಯಾಘಾತವಾದ ಅರವತ್ತು ಮಂದಿಯ ರಕ್ತವಿತ್ತು. ಅದರಲ್ಲಿ ಟ್ರೊಪೋನಿನ್ ಅಳೆದಾಗಿತ್ತು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬಂದು ಸೇರುವ ವಸ್ತು ಅದು. ಉಳಿದ ರಕ್ತವನ್ನು ಎಸೆಯಲು ಹೊರಟವಳನ್ನು ಗುರು ನೀಲಗಂಗಮ್ಮ ತಡೆದಿದ್ದರು. ಕೊಬ್ಬಿನಿಂದ ರಕ್ತಕ್ಕೆ ಇಳಿಯುವ ಹಾರ್ಮೋನುಗಳನ್ನೂ ಅದರಲ್ಲಿ ಅಳೆಯಬೇಕು ಎಂದಿದ್ದರು.

“ಕೊಬ್ಬು ಎಂದರೆ ಒಂದು ಮೂಟೆ. ಮೂಟೆ ಮಾತಾಡುತ್ತದೆಯೇ?”

“ಹಾಗಾದರೆ ಕೇಳು,” ಎಂದು ನೀಲಗಂಗಮ್ಮ ಕತೆ ಹೇಳಿದರು.

ಒಂದು ಕೋಟೆ. ಅದರ ನಡುವೆ ಒಂದು ಕೊಳ. ಕೊಳದ ನೀರನ್ನು ಮರದ ದೊಡ್ಡ ಚಕ್ರವೊಂದು ಹಗಲಿರುಳು ಎತ್ತಿ ಕಾಲುವೆಗೆ ಸುರಿಯುತ್ತಿತ್ತು. ಕಾಲುವೆ ಕೇರಿ ಕೇರಿ ಸುತ್ತಿ, ಎಣ್ಣೆಯ ಉಗ್ರಾಣದ ಬೆನ್ನಿಗೆ ಹಾದು, ಮತ್ತೆ ಕೊಳಕ್ಕೇ ಬಂದು ಬೀಳುತ್ತಿತ್ತು. ಚಕ್ರದ ಅಚ್ಚು ಒಣಗಿ ಸುಡಬಾರದೆಂದು ಗೋಡೆಯೊಳಗಿನ ಸಣ್ಣ ಕೊಳವೆಯೊಂದು ಅದಕ್ಕೆ ಸದಾ ಕಾಲುವೆಯ ನೀರೂಡುತ್ತಿತ್ತು. ಆ ಕೊಳವೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಒಂದು ದಿನ ಚಕ್ರ ಬಿರಿದು ನಿಂತಿತು. ಕೋಟೆ ನಾಲ್ಕು ದಿನ ಬಾಯಾರಿತು. ನೀರಿನಲ್ಲಿ ತೇಲಿದ ಮರದ ಚಕ್ಕೆಗಳನ್ನು ಬಡಗಿ ಆಯ್ದು ನೋಡಿ, ಎಷ್ಟು ಮುರಿದಿದೆ ಎಂದು ಸರಿಯಾಗಿ ಹೇಳಿದ. ಹೊಸ ಹಲ್ಲು ಕೂರಿಸಿದ. ಚಕ್ರ ತಿರುಗಿತು. ಎಲ್ಲರೂ ಮರೆತರು.

ಮರೆಯದವಳು ಒಬ್ಬಳೇ. ಅವಳು ಕಾಲುವೆಯ ಕಸ ತೆಗೆಯುವವಳು.

ಉಗ್ರಾಣದ ಕೊಡಗಳ ಬಾಯಿಗೆ ಮುತ್ತುಗದ ಎಲೆ ಕಟ್ಟುತ್ತಿದ್ದರು. ದಿನವೂ ತೆರೆಯುವ ಕೊಡದ ಎಲೆ ಹಸಿರಿರುವಾಗಲೇ ನೀರಿಗೆ ಬೀಳುತ್ತಿತ್ತು. ತೆರೆಯದೆ ಪೇರಿಸಿಟ್ಟ ಕೊಡದ ಎಲೆ ಜಿನುಗಿದ ಎಣ್ಣೆ ಕುಡಿದು, ಕಪ್ಪಾಗಿ, ತಾನೇ ಕಳಚಿ ಬೀಳುತ್ತಿತ್ತು. ಚಕ್ರ ನಿಲ್ಲುವ ಮೊದಲಿನ ತಿಂಗಳುಗಳಲ್ಲಿ ಅವಳ ಬುಟ್ಟಿಯಲ್ಲಿ ಹಸಿರು ಕಡಿಮೆಯಾಗುತ್ತ ಕಪ್ಪು ಹೆಚ್ಚಾಗಿತ್ತು. ಈಗ ಮತ್ತೆ ಹಾಗೆಯೇ ಆಗುತ್ತಿತ್ತು.

ಅವಳು ಬುಟ್ಟಿ ಹೊತ್ತು ಕೋಟೆಯ ದಳವಾಯಿಯ ಮುಂದೆ ನಿಂತಳು. “ಚಕ್ರ ಮತ್ತೆ ನಿಲ್ಲುತ್ತದೆ, ಸ್ವಾಮಿ. ಉಗ್ರಾಣ ಹೇಳುತ್ತಿದೆ.”

ದಳವಾಯಿಗೆ ತುಂಬಿದ ಉಗ್ರಾಣವೆಂದರೆ ಹೆಮ್ಮೆ. ಅದು ತುಂಬಿದಾಗಲೆಲ್ಲ ಸಿಹಿ ಹಂಚಿಸುತ್ತಿದ್ದ. ಅವನು ನಕ್ಕ. “ಕಸ ಬಳಿಯುವವಳಿಗೆ ಕಸವೇ ಪಂಚಾಂಗ!”

“ಪಂಚಾಂಗ ಓದುವುದನ್ನು ನನಗೆ ಯಾರೂ ಕಲಿಸಲಿಲ್ಲ. ಎಲೆ ಓದುವುದನ್ನೂ ಕಲಿಸಲಿಲ್ಲ. ಒಂದನ್ನು ನಾನೇ ಕಲಿತೆ.”

ಬಡಗಿ ಮಾತ್ರ ನಗಲಿಲ್ಲ. “ಅಕ್ಕಾ, ಚಕ್ರ ಗಟ್ಟಿಯಾಗಿರುವ ಕೋಟೆಗಳಲ್ಲೂ ಕಪ್ಪೆಲೆಯೇ ಬೀಳುತ್ತಿದ್ದರೆ? ಆಗ ಏನು ಹೇಳುತ್ತೀ?”

ಮಾತು ಚುಚ್ಚಿತು. ಆದರೆ ಮಾತು ಸರಿಯಿತ್ತು. ಅವಳು ನೋಡಿದ್ದು ಮುರಿದ ಒಂದು ಚಕ್ರದ ನೀರನ್ನು ಮಾತ್ರ. ಅವಳು ವಾದಿಸಲಿಲ್ಲ. ಸೊಂಟಕ್ಕೆ ಸೆರಗು ಬಿಗಿದು ನಡೆದಳು.

ಚಕ್ರ ಮುರಿದಿದ್ದ ಐದು ಕೋಟೆಗಳಿಗೆ ಹೋದಳು. ಎಂದೂ ಮುರಿಯದ ಐದು ಕೋಟೆಗಳಿಗೂ ಹೋದಳು. ಎಲ್ಲ ಕಡೆಯೂ ಅಷ್ಟೇ ಹೊತ್ತು ಕಾಲುವೆಯ ಬದಿ ಕೂತು ಎಲೆ ಆಯ್ದಳು. ಕಾವಲಿನವರು ಹುಚ್ಚಿ ಎಂದರು. ಹುಚ್ಚಿಯ ಕಾಲು ಬೊಬ್ಬೆಯೆದ್ದಿತು, ನಿಲ್ಲಲಿಲ್ಲ. ಮರಳಿ ಬಂದು ಹತ್ತು ಗಂಟುಗಳನ್ನು ದಳವಾಯಿಯ ಎದುರು ಬಿಚ್ಚಿದಳು. ಚಕ್ರ ಮುರಿದ ಐದು ಕಡೆಯೂ ಕಪ್ಪೇ ಹೆಚ್ಚು. ಮುರಿಯದ ನಾಲ್ಕು ಕಡೆ ಹಸಿರು ಹೆಚ್ಚು.

“ಐದನೆಯದು?” ಎಂದ ದಳವಾಯಿ.

“ಅಲ್ಲಿ ಚಕ್ರ ಗಟ್ಟಿಯಿದೆ, ಎಲೆ ಕಪ್ಪಿದೆ. ಮುಚ್ಚಿಡಲು ನಾನು ಕಳ್ಳಿಯಲ್ಲ. ಅಲ್ಲಿಯದು ಏನೆಂದು ನನಗೆ ಗೊತ್ತಿಲ್ಲ. ಇಲ್ಲಿಯದು ಗೊತ್ತು. ಜಿನುಗಿದ ಎಣ್ಣೆ ನೀರಿನೊಡನೆ ಅಚ್ಚಿನ ಕೊಳವೆಗೂ ಹೋಗುತ್ತದೆ. ಗೋಡೆಯ ಕಲ್ಲು ಎಬ್ಬಿಸಿ ಕೊಳವೆ ನೋಡಿ.”

“ಕೊಳವೆ ಶುದ್ಧವಾಗಿದ್ದರೆ?”

“ಬುಟ್ಟಿ ಇಲ್ಲಿಟ್ಟು ಕೋಟೆ ಬಿಡುತ್ತೇನೆ.”

ಅವಳಿಗೆ ಆ ಬುಟ್ಟಿಯ ಹೊರತು ಬೇರೆ ಬದುಕಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಕೇರಿ ಕೇರಿಯ ಜನ ಬಂದು ನೆರೆದರು. ಬಡಗಿ ಹಾರೆ ಹಾಕಿ ಕಲ್ಲು ಮೀಟಿದ. ಕೊಳವೆಯೊಳಗೆ ಬೆರಳು ತೂರಿಸಿದ. ಬೆರಳು ಹೋಗಲಿಲ್ಲ. ಪೊರಕೆಯ ಕಡ್ಡಿ ತರಿಸಿದ. ಕಡ್ಡಿ ತಿಣುಕಿ ಹೋಯಿತು. ಕೊಳವೆಯ ಒಳಗೆ ಸುತ್ತಲೂ ಎಣ್ಣೆಯ ಜಿಡ್ಡು ಮಣ್ಣಿನೊಡನೆ ಸೇರಿ ಕಲ್ಲಿನಂತೆ ಕಟ್ಟಿತ್ತು. ಉಳಿದಿದ್ದು ಒಂದು ಕಡ್ಡಿಯಷ್ಟು ದಾರಿ. ಅಚ್ಚು ಆಗಲೇ ಬಿಸಿಯೇರಿತ್ತು.

ಬಡಗಿ ಜಿಡ್ಡು ಮೆತ್ತಿದ ಕೈಯನ್ನು ಎತ್ತಿ ಜನರಿಗೆ ತೋರಿಸಿದ. “ನನ್ನ ಚಕ್ಕೆ ಮುರಿದ ಮೇಲೆ ಮಾತಾಡುತ್ತದೆ,” ಎಂದ. “ಅಕ್ಕನ ಎಲೆ ಅದಕ್ಕೂ ಮೊದಲೇ ಮಾತಾಡಿತು.”

“ನಿನ್ನ ಚಕ್ಕೆಯೂ ಸುಳ್ಳಲ್ಲ, ತಮ್ಮಾ,” ಎಂದಳು ಅವಳು. “ಎರಡನ್ನೂ ಕೇಳಬೇಕು.”

ಆ ದಿನವೇ ಕೊಳವೆ ಕೆರೆದು ತೊಳೆದರು. ಉಗ್ರಾಣದ ಬಾಗಿಲು ತೆರೆದು ಪೇರಿಸಿಟ್ಟ ಎಣ್ಣೆಯನ್ನು ಮನೆಮನೆಗೆ ಹಂಚಿದರು. ಚಕ್ರ ಸದ್ದು ಬದಲಿಸಿ ಹಗುರವಾಗಿ ತಿರುಗಿತು. ಏನು ಬೇಕು ಕೇಳು ಎಂದ ದಳವಾಯಿ. ಕಾಲುವೆಯ ಎಲೆ ಇನ್ನು ಮೇಲೆ ತಿಪ್ಪೆಗೆ ಹೋಗುವ ಮೊದಲು ಸಭೆಗೆ ಬರಬೇಕು ಎಂದಳು. ಮಾರನೆಯ ಬೆಳಗ್ಗೆ ಅವಳು ಹಿತ್ತಿಲ ದಾರಿ ಬಿಟ್ಟು ಹೆಬ್ಬಾಗಿಲಿನಿಂದ ಸಭೆಗೆ ನಡೆದಳು. ತಲೆಯ ಮೇಲೆ ಅದೇ ಬುಟ್ಟಿ. ದಳವಾಯಿ ಎದ್ದು ನಿಂತು ಬುಟ್ಟಿ ಇಳಿಸಲು ಕೈ ಕೊಟ್ಟ. ಬುಟ್ಟಿಯ ತುಂಬ ಹಸಿರೆಲೆಯಿತ್ತು.

ಕತೆ ಮುಗಿಯಿತು. ಟ್ರೇ ಇನ್ನೂ ಫರ್ಹಾನಾಳ ಕೈಯಲ್ಲೇ ಇತ್ತು.

“ಆದರೂ ಮೇಡಂ, ಓದು ಬರಹ ಇಲ್ಲದವಳಿಗೆ ಅಷ್ಟು ದೊಡ್ಡ ವಿದ್ಯೆ ಎಲ್ಲಿಂದ ಬಂತು?”

ನೀಲಗಂಗಮ್ಮ ಟ್ರೇಯ ಕಡೆ ನೋಡಿ ಹೇಳಿದರು:

“ಎಸೆಯಲು ಹೊರಟವಳು ಎಸೆಯುವ ಮೊದಲು ಒಮ್ಮೆ ನೋಡಿದಳು, ಅಷ್ಟೇ.”

ಫರ್ಹಾನಾ ಟ್ರೇಯನ್ನು ಮತ್ತೆ ಅಳೆಯುವ ಯಂತ್ರದ ಬಳಿಗೆ ಒಯ್ದಳು.